ಮುಳ್ಳು ಬಡಿದು ಮಾರಿದ ಮನೆ

ಮನೆ ಮಾರುವುದೆಂದರೆ ಸಂತೆಯಲ್ಲಿ ಎಮ್ಮೆ ಮಾರಿದಷ್ಟೇ ಕೆಲಸ ಎಂದುಕೊಂಡಿದ್ದೆ. ಎಮ್ಮೆಯಾದರೆ ಹಲ್ಲು ನೋಡುತ್ತಾರೆ, ಕೆಚ್ಚಲು ಹಿಡಿದು ನೋಡುತ್ತಾರೆ, ಒಂದು ಬೆಲೆ ಹೇಳುತ್ತಾರೆ. ಒಪ್ಪಿದರೆ ಆಯಿತು, ಇಲ್ಲದಿದ್ದರೆ ಹಗ್ಗ ಹಿಡಿದು ಮನೆಗೆ ಬಂದರಾಯಿತು. ಮನೆ ನೋಡಲು ಬಂದವರು ಮಾತ್ರ ಗೋಡೆಗಿಂತ ಹೆಚ್ಚು ನನ್ನ ಮುಖ ನೋಡಿದರು. ಈ ಮುದುಕಿಗೆ ಎಷ್ಟು ಅವಸರವಿದೆ, ಎಷ್ಟಕ್ಕೆ ಬಗ್ಗುತ್ತಾಳೆ ಎಂದು ನೋಡಿದರು. ಅದನ್ನು ನೆನೆದರೆ ಈಗಲೂ ಬಾಯಲ್ಲಿ ಕಹಿ ಬರುತ್ತದೆ.

ಮನೆ ಇದ್ದದ್ದು ಕಂಪ್ಲಿಯಲ್ಲಿ, ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ. ನಡುಮನೆ, ಎರಡು ಕೋಣೆ, ಅಡಿಗೆಮನೆ, ಹಿತ್ತಲಲ್ಲಿ ಎಮ್ಮೆ ಕಟ್ಟುವ ಜಾಗ. ನಮ್ಮ ಮನೆಯವರು ಮಿಲ್ಲಿನಲ್ಲಿ ಮೊದಲು ಚೀಲ ಹೊತ್ತು, ಆಮೇಲೆ ಚೀಲ ಹೊರುವವರ ಮೇಸ್ತ್ರಿಯಾಗಿ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೂ ನಾನು ಅಲ್ಲೇ ಇದ್ದೆ. ಮನೆಯ ಮೇಲೆ ನನಗೇನೂ ಅಂಥ ಮೋಹ ಇರಲಿಲ್ಲ. ಗೋಡೆ ಎಂದರೆ ಗೋಡೆ. ವರ್ಷಕ್ಕೊಮ್ಮೆ ಸುಣ್ಣ ಕೇಳುತ್ತದೆ, ಮಳೆ ಬಂದರೆ ಸೋರುತ್ತದೆ, ಅಷ್ಟೇ.

ಮಾರಬೇಕಾಗಿ ಬಂದದ್ದು ಮಗಳಿಗಾಗಿ. ಗಂಡ ಬಿಟ್ಟು ಹೋದ ಮೇಲೆ ಅವಳು ದೋಣಿಮಲೈ ಗುಡ್ಡದ ಅದಿರು ಗಣಿಯ ಕ್ಯಾಂಟೀನಿನಲ್ಲಿ, ಕಂಟ್ರಾಕ್ಟರನ ಕೈಕೆಳಗೆ ಅಡಿಗೆ ಮಾಡುತ್ತಿದ್ದಳು. ಸಂಡೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ನನ್ನ ಮೊಮ್ಮಗಳನ್ನು ಇಟ್ಟುಕೊಂಡು, ಬೆಳಗ್ಗೆ ಬಸ್ಸಿಗೆ ಮೇಲೆ ಹೋಗಿ ಸಂಜೆ ಕೆಳಗೆ ಬರುವುದು. ಕಂಟ್ರಾಕ್ಟರ್ ಬದಲಾದ. ಹೊಸಬ ತನ್ನ ಊರಿನ ಹೆಂಗಸರನ್ನೇ ತರುತ್ತೇನೆ, ಯುಗಾದಿವರೆಗೆ ಮಾತ್ರ ನೀವು ಎಂದ. ಅದೇ ಹೊತ್ತಿಗೆ ಸಂಡೂರಿನಲ್ಲಿ ರಸ್ತೆಗೆ ಬಾಗಿಲಿದ್ದ ಒಂದು ಸಣ್ಣ ಮನೆ ಮಾರಾಟಕ್ಕೆ ಬಂತು. ಮುಂದಿನ ಕೋಣೆಯಲ್ಲಿ ಖಾನಾವಳಿ ಇಟ್ಟು ಹಿಂದೆ ಇರಬಹುದು. ಮಾಲೀಕ ಗಣಿ ಕೆಲಸದಿಂದ ನಿವೃತ್ತನಾದವನು, ಹಣೆ ತುಂಬ ವಿಭೂತಿ, ಮೆಲ್ಲಗೆ ಮಾತಾಡುವ ಮನುಷ್ಯ. "ಯುಗಾದಿ ಒಳಗ ದುಡ್ಡು ತಂದ್ರ ಮನಿ ನಿಮ್ದು. ಆಮ್ಯಾಲೆ ನಾನು ಕಾಯಂಗಿಲ್ಲ ನೋಡವ್ವಾ" ಎಂದ. ನನ್ನ ಮನೆ ಮಾರಿದರೆ ಆ ಮನೆ ಬರುತ್ತಿತ್ತು. ಮಾರದಿದ್ದರೆ ಮಗಳಿಗೆ ಕೆಲಸವೂ ಇಲ್ಲ, ಖಾನಾವಳಿಯೂ ಇಲ್ಲ.

ಮಗಳು ಒಂದು ಭಾನುವಾರ ಬಂದು, ಬಾಗಿಲಿಗೆ ಹಚ್ಚಿ ಉಳಿದಿದ್ದ ಬಣ್ಣದಲ್ಲಿ ಬೀದಿಗೋಡೆಯ ಮೇಲೆ "ಈ ಮನೆ ಮಾರಾಟಕ್ಕಿದೆ" ಎಂದು ಬರೆದು ಕೆಳಗೆ ತನ್ನ ನಂಬರು ಹಾಕಿದಳು. ಬ್ರೋಕರ್ ಬೇಡ ಎಂದವಳು ನಾನೇ. ಮನೆ ನಮ್ಮದು, ಕೊಳ್ಳುವವನ ದುಡ್ಡು ಅವನದು, ನಡುವೆ ನಿಂತು ಹಲ್ಲು ಕಿರಿಯುವವನಿಗೆ ಎರಡೂ ಕಡೆಯಿಂದ ಯಾಕೆ ಸುರಿಯಬೇಕು?

ಮೊದಲು ಬಂದವಳು ಎದುರುಮನೆಯವಳೇ.

"ಎಷ್ಟು ಹೇಳೀಯಕ್ಕಾ ಮನಿಗೆ?"

"ಯಾಕ, ನೀ ತಗೊಂತೀಯೇನು?"

"ಅಯ್ಯ, ನಾನೆಲ್ಲಿ ತಗೊಳ್ಳಲವ್ವಾ. ನಮ್ದೂ ಮುಂದ ಮಾರೋದು ಬಂದ್ರ ರೇಟ್ ಗೊತ್ತಿರ್ಲಿ ಅಂತ."

ಆಮೇಲೆ ಹೊಸಪೇಟೆಯಿಂದ ಒಂದು ಕುಟುಂಬ ಕಾರಿನಲ್ಲಿ ಬಂತು. ಕಾರಿನಿಂದ ಇಳಿದವರು ಇಳಿಯುತ್ತಲೇ ಇದ್ದರು. ಹೆಂಗಸರು ಅಡಿಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ನನ್ನ ಟ್ರಂಕಿನ ಮೇಲೆ ಕುಳಿತರು. ಒಬ್ಬೊಬ್ಬರಾಗಿ ಪಾಯಿಖಾನೆಗೆ ಹೋಗಿ ಬಂದರು, ನೀರು ಸರಿಯಾಗಿ ಹಾಕಲಿಲ್ಲ. ಗಿರಾಕಿ ಎಂದು ನಾನು ಮಂಡಕ್ಕಿ ನೆನೆಸಿ ಉಗ್ಗಾಣಿ ಮಾಡಿ ಮೆಣಸಿನಕಾಯಿ ಬಜ್ಜಿ ಕರಿದು ಕೊಟ್ಟೆ. ತಿಂದು, ಚಹಾ ಕುಡಿದು, ಅವರ ಗಂಡಸು ಮೊಬೈಲಿನಲ್ಲಿ ದಿಕ್ಕು ನೋಡಿ, "ಈಶಾನ್ಯದಾಗ ಬಚ್ಚಲ ಐತಲ್ರಿ, ಇದು ಆಗಂಗಿಲ್ಲ" ಎಂದ.

"ಆ ಬಚ್ಚಲದಾಗೇ ಈಗ ನಿಮ್ಮ ಮನಿಮಂದಿ ಎಲ್ಲಾ ಕಾಲು ತೊಳಕೊಂಡು ಬಂದ್ರಲ್ಲಪ್ಪಾ, ಆವಾಗ ಈಶಾನ್ಯ ಇರಲಿಲ್ಲೇನು?" ಎಂದೆ.

ಅವರು ಹೋಗುವಾಗ ಒಂದು ಹುಡುಗಿ ಬಾಯಿಬಿಟ್ಟಳು. ಹಂಪಿ ನೋಡಲು ಬಂದ ನೆಂಟರನ್ನು ಸುತ್ತಾಡಿಸುತ್ತಿದ್ದರಂತೆ. ಬಿಸಿಲು ಜಾಸ್ತಿಯಾಗಿ, ಗೋಡೆಯ ಮೇಲಿನ ಅಕ್ಷರ ಕಂಡು, ಕಾಲು ಚಾಚಲು ಒಂದು ಜಾಗ ಸಿಕ್ಕಿತೆಂದು ನುಗ್ಗಿದ್ದು. ಆ ಪಾಯಿಖಾನೆ ತೊಳೆದವಳು ನಾನು.

ನ್ಯಾಯವಾಗಿ ಬಂದವರು ಎಂದರೆ ಎಮ್ಮಿಗನೂರಿನ ಗಂಡಹೆಂಡತಿ ಮಾತ್ರ. ಗಂಡ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ. ಕಂಪ್ಲಿಯಲ್ಲಿ ಬಾಡಿಗೆಗಿದ್ದರು. ಹೆಂಡತಿ ಬಾಯಿ ಬಿಡದೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದಳು. ಹಿಂದಿನ ಕೋಣೆಯ ಮೂಲೆಯಲ್ಲಿ ನಿಂತು ಮೇಲೆ ನೋಡಿದಳು. "ಸೋರ್ತದೇನ್ರಮ್ಮಾ?" ಎಂದಳು. "ಸೋರ್ತದ" ಎಂದೆ. ಅವಳಿಗೆ ಅದು ಹಿಡಿಸಿತು ಎಂದು ಕಾಣುತ್ತದೆ. ಅತ್ತೆಯನ್ನು ಕರೆದುಕೊಂಡು ಬರುತ್ತೇವೆ ಎಂದು ಹೇಳಿ ಹೋದರು.

ಅಷ್ಟರಲ್ಲಿ ಮಗಳಿಗೆ ಫೋನಿನ ಕಾಟ ಶುರುವಾಯಿತು. ಕೊಳ್ಳುವವರ ಫೋನಲ್ಲ, ಎಲ್ಲ ಬ್ರೋಕರುಗಳದ್ದೇ. ಒಲೆ ಮುಂದೆ ನಿಂತಾಗ, ಬಡಿಸುವಾಗ, ಬಸ್ಸಿನಲ್ಲಿ ನೇತಾಡುವಾಗ. ಒಬ್ಬ ಅಂತೂ ಮನೆಯ ಮಾತು ಬಿಟ್ಟು ಊಟ ಆಯ್ತೇನು, ಒಬ್ಬರೇ ಇದ್ದೀರೇನು ಎಂದು ಕೇಳಿದನಂತೆ. ಕ್ಯಾಂಟೀನಿನಲ್ಲಿ ಕಂಟ್ರಾಕ್ಟರನ ಮನುಷ್ಯನಿಂದ ಬೈಗುಳ ಬೇರೆ. ಒಂದು ದಿನ ಅವಳೇ, "ಯವ್ವಾ, ಸಾಕು. ಯಾರಿಗಾದರೂ ಒಬ್ಬನಿಗೆ ಒಪ್ಪಿಸಿಬಿಡೋಣ" ಎಂದಳು. ನಾನು ಹೂಂ ಎಂದೆ. ಫೋನು ನನ್ನ ಕಿವಿಗಲ್ಲ, ಅವಳ ಕಿವಿಗೆ ಬರುತ್ತಿತ್ತು.

ಹಾಗೆ ಬಂದ ಈ ಬ್ರೋಕರ್. ಇವನ ಅಪ್ಪ ಎತ್ತಿನ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು, ನಮ್ಮ ಮನೆಯವರಿಗೆ ಗೊತ್ತಿತ್ತು. ಆ ಮನುಷ್ಯ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಮಗನಿಗೆ ಟವೆಲ್ ಬೇಕಿರಲಿಲ್ಲ, ಬೆಳಕಿನಲ್ಲೇ ಮುಚ್ಚಿಡುವುದು ಬರುತ್ತಿತ್ತು. ಬಿಳಿ ಅಂಗಿ, ಎರಡು ಮೊಬೈಲು, ಮೂಗಿಗೆ ಬಡಿಯುವ ಅತ್ತರು. ಬಂದವನೇ ನಮ್ಮ ಮನೆಯವರು ಮಲಗುತ್ತಿದ್ದ ಮಂಚದ ಮೇಲೆ ಕಾಲು ಮಡಚಿ ಕುಳಿತ.

"ಅಮ್ಮಾರೇ, ಗ್ವಾಡಿ ಮ್ಯಾಲೆ ಬರದ್ರ ಮನಿ ಮಾರಾಟ ಆಗಂಗಿಲ್ರಿ, ಮರ್ಯಾದಿ ಮಾರಾಟ ಆಗ್ತದ. ಮದ್ಲ ಅದನ್ನ ಅಳಿಸ್ರಿ. ಪಾರ್ಟಿ ನಾ ತರ್ತೀನಿ."

"ಕಮಿಷನ್ನು?"

"ನಿಮ್ಮ ಕಡಿಂದ ಎರಡು ಪರ್ಸೆಂಟ್, ಅವರ ಕಡಿಂದ ಎರಡು."

"ಎರಡೂ ಕಡೆ ತಿಂತೀಯಲ್ಲ, ಮಾತು ಯಾರ ಕಡಿಂದ ಆಡ್ತೀ?"

"ಇಬ್ಬರ ಕಡಿಂದನೂ ರೀ."

"ಹಂಗಂದ್ರ ಯಾರ ಕಡಿಂದನೂ ಅಲ್ಲ."

ನಕ್ಕ. ಅವನಿಗೆ ಏನು ಅಂದರೂ ನಗುವುದು ಒಂದು ಅಭ್ಯಾಸ. ಹೋಗುವಾಗ ತನ್ನ ಕೈಯಾರೆ ಗೋಡೆಯ ಮೇಲಿನ ಅಕ್ಷರಕ್ಕೆ ಸುಣ್ಣ ಬಳಿದು, ನನ್ನ ತುಳಸಿಕಟ್ಟೆಯ ಬುಡದಲ್ಲಿ ಗುಟ್ಕಾ ಉಗುಳಿ ಹೋದ.

ಪಾರ್ಟಿಗಳನ್ನು ತಂದದ್ದೇನೋ ನಿಜ. ಬಂದವರೆಲ್ಲ ಒಂದೇ ಗುರುವಿನ ಹತ್ತಿರ ಪಾಠ ಕಲಿತವರ ಹಾಗೆ. ಒಳಗೆ ಬರುವುದು, ಮಂಚವಿದ್ದ ಕೋಣೆಯ ಬಾಗಿಲಲ್ಲಿ ನಿಂತುಬಿಡುವುದು, ಮುಖ ಸಣ್ಣಗೆ ಮಾಡುವುದು, "ಇಲ್ಲಿ ಯಾರಾದ್ರೂ ತೀರಿಕೊಂಡಾರೇನ್ರಿ?" ಎಂದು ಕೇಳುವುದು. ಆಮೇಲೆ ನಾನು ಹೇಳಿದ ಬೆಲೆಗೆ ಎಷ್ಟೋ ಕೆಳಗೆ ಒಂದು ಬೆಲೆ ಹೇಳುವುದು. ಅವರಲ್ಲಿ ಒಬ್ಬನನ್ನು ಬ್ರೋಕರ್ "ಸಂಡೂರ್ ಮೈನ್ಸ್ ಪಾರ್ಟಿ" ಎಂದು ಪರಿಚಯ ಮಾಡಿಸಿದ. ಕಪ್ಪು ಕನ್ನಡಕ, ಇಸ್ತ್ರಿ ಪ್ಯಾಂಟು. ಕೂಡಲು ಕುರ್ಚಿ ಕೊಟ್ಟರೆ ಕೂಡಲಿಲ್ಲ. ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವನು ಅವನೇ.

ಸತ್ತವರು ಯಾರೆಂದು ಯಾಕೆ ಕೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯವರು ಸತ್ತ ದಿನ ನಕ್ಷತ್ರ ಸರಿ ಇರಲಿಲ್ಲ. ಪಂಚಾಂಗ ನೋಡಿದ ಅಯ್ಯನವರು, ಮೂರು ತಿಂಗಳು ಮನೆ ಬಿಡಬೇಕು ಎಂದಿದ್ದರು. ನಮ್ಮ ಕಡೆ ಅದು ಇದೆ. ಕೆಟ್ಟ ನಕ್ಷತ್ರದಲ್ಲಿ ಸತ್ತರೆ ಮನೆಮಂದಿ ಎಲ್ಲ ಹೊರಗೆ ಹೋಗಿ, ಬಾಗಿಲಿಗೆ ಬೀಗ ಹಾಕಿ, ಅಡ್ಡಲಾಗಿ ಜಾಲಿಮುಳ್ಳು ಬಡಿದು ಬಿಡುತ್ತಾರೆ. ಹೇಳಿದಷ್ಟು ತಿಂಗಳು ತುಂಬಿದ ಮೇಲೆ ಶಾಂತಿ ಮಾಡಿಸಿ, ಸುಣ್ಣ ಬಳಿದು, ಮತ್ತೆ ಹೊಗಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ಇನ್ನೊಂದು ಸಾವಾಗುತ್ತದಂತೆ. ನನ್ನ ಹತ್ತಿರ ಆಗ ಹಾಲು ಕೊಡುವ ಎಮ್ಮೆ ಇತ್ತು. ಅದನ್ನು ಕಟ್ಟಲು ಯಾರ ಮನೆಗೆ ಹೋಗಲಿ? ಯಾರೂ ಕರೆಯಲೂ ಇಲ್ಲ. ನಾನು ಮನೆ ಬಿಡಲಿಲ್ಲ. ಅದೇ ಕೋಣೆಯಲ್ಲಿ, ಅದೇ ಮಂಚದ ಮೇಲೆ ಮಲಗಿದೆ. ಮೊಣಕಾಲು ನೋವು ಬಿಟ್ಟರೆ ನನಗೆ ಏನೂ ಆಗಲಿಲ್ಲ. ಓಣಿಯವರಿಗೆ ಅದೇ ದೊಡ್ಡ ಬೇಸರ.

ಚಳಿಗಾಲ ಹೋಗಿ ಬಿಸಿಲು ಬಿರುಸಾಯಿತು. ಯುಗಾದಿ ಹತ್ತಿರ ಬರುತ್ತಿತ್ತು. ಸಂಡೂರಿನ ವಿಭೂತಿಯ ಮನುಷ್ಯ ಮಗಳನ್ನು ದಾರಿಯಲ್ಲಿ ಕಂಡಾಗಲೆಲ್ಲ, "ಏನಾಯ್ತವ್ವಾ?" ಎಂದು ಕೇಳುತ್ತಿದ್ದ. ಅಷ್ಟರಲ್ಲಿ ನಾನು ಕಮಲಾಪುರಕ್ಕೆ ನಮ್ಮ ತಮ್ಮನ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋದೆ. ಬಸ್ಸಿಳಿದು ನಡೆಯುತ್ತಿದ್ದಾಗ ರಸ್ತೆ ಬದಿಗೆ ಬಾಳೆಗೊನೆ ತುಂಬುವ ಲಾರಿ ನಿಂತಿತ್ತು. ಲಾರಿಯ ಮೇಲೆ ಲುಂಗಿ ಎತ್ತಿ ಕಟ್ಟಿ ಗೊನೆ ಹಿಡಿದು ನಿಂತವನ ಮುಖ ಎಲ್ಲೋ ನೋಡಿದಂತೆ ಅನಿಸಿತು. ಕನ್ನಡಕ ಇರಲಿಲ್ಲ, ಅದಕ್ಕೆ ತಡವಾಯಿತು.

"ಏನಪ್ಪಾ ಮೈನ್ಸ್ ಪಾರ್ಟಿ, ಗಣಿ ಬಿಟ್ಟು ಬಾಳಿಗೆ ಬಂದಿಯಲ್ಲ" ಎಂದೆ.

ಅವನು ಗೊನೆ ಕೆಳಗಿಟ್ಟು ನಾಲಿಗೆ ಕಚ್ಚಿಕೊಂಡ. ಲಾರಿಯ ಮೇಲಿದ್ದವರೆಲ್ಲ ನಗಲು ಶುರು ಮಾಡಿದರು. ಕೆಳಗಿಳಿದು ಬಂದು, "ಅಮ್ಮಾ, ಸಿಟ್ ಮಾಡ್ಬ್ಯಾಡ್ರಿ" ಎಂದ.

"ಪ್ಯಾಂಟು ಯಾರದು?"

"ಆ ಬ್ರೋಕರನದೇ ರೀ. ಕನ್ನಡಕನೂ ಅವನದೇ. ಕಡಿಮಿ ರೇಟ್ ಕೇಳು, ನಕ್ಷತ್ರದ ಮನಿ ಅಂತ ಹೆದರ್ದಂಗ ಮುಖ ಮಾಡು ಅಂದಿದ್ದ. ಬಿರಿಯಾನಿ ತಿನಿಸ್ತೀನಿ ಅಂದಿದ್ದ ಅಮ್ಮಾ. ಅದನ್ನೂ ತಿನಿಸಲಿಲ್ಲ ಹರಾಮಿ."

"ಕುರ್ಚಿ ಮ್ಯಾಲೆ ಯಾಕ ಕೂಡಲಿಲ್ಲ ಮತ್ತ?"

"ಪ್ಯಾಂಟು ಬಿಗಿ ಇತ್ರಿ."

ನನಗೆ ನಗು ಬರಲಿಲ್ಲ. ಈಗ ಹೇಳುವಾಗ ಬರುತ್ತಿದೆ, ಅಂದು ಬರಲಿಲ್ಲ.

ಮರುದಿನ ಬ್ರೋಕರನನ್ನು ಕರೆಸಿದೆ. ಬಾಳೆಯವನು ಹೇಳಿದ್ದನ್ನೆಲ್ಲ ಮುಖದ ಮೇಲೆ ಹೇಳಿದೆ. ಅವನಿಗೆ ನಾಚಿಕೆಯೆನ್ನುವುದು ಇದ್ದರಲ್ಲವೇ?

"ಅಮ್ಮಾರೇ, ಇದು ವ್ಯಾಪಾರ್ರೀ. ನಾಕು ಮಂದಿ ಬಂದು ಕಡಿಮಿ ಕೇಳಿದ್ರ ಮಾಲೀಕರಿಗೆ ಖರೇ ರೇಟ್ ತಿಳೀತದ. ಅದಕ್ಕ ತಂದಿದ್ದು. ಈಗ ಹೇಳ್ತೀನಿ ಕೇಳ್ರಿ, ನಮ್ಮ ಭಾವನೇ ತಗೊಂತಾನ. ಅದೇ ರೇಟಿಗೆ. ನಕ್ಷತ್ರ ಗಿಕ್ಷತ್ರ ಅಂತ ಮನಸಿನಾಗ ಇಟ್ಟುಕೊಳ್ಳೋ ಮಂದಿ ಅಲ್ಲ ನಾವು."

ಆಗ ತಿಳಿಯಿತು. ಬೆಲೆ ಇಳಿಸಿ ಇಳಿಸಿ ಕೊನೆಗೆ ತಮ್ಮ ಮನೆಗೇ ಸೇರಿಸಿಕೊಳ್ಳುವ ಲೆಕ್ಕ. ನನ್ನ ಕೈಯಲ್ಲಿ ಪೊರಕೆ ಇತ್ತು. ಮಗಳ ಖಾನಾವಳಿ ನೆನಪಾಗಿ ಕೈ ತಡೆದೆ. ದಿನ ಉಳಿದಿರಲಿಲ್ಲ. ಆ ಬೆಲೆಗೆ ಕೊಟ್ಟರೆ ಸಂಡೂರಿನ ಮನೆಗೆ ದುಡ್ಡು ಕಡಿಮೆ ಬೀಳುತ್ತಿತ್ತು, ಆದರೆ ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಬರುತ್ತದಲ್ಲ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. "ಇರೋರು ಹೆಂಗಸರು. ನಿಮ್ಮ ಅಕ್ಕನ್ನ ಕರ್ಕೊಂಡು ಬಾ, ನೋಡ್ಲಿ. ಆಮ್ಯಾಲೆ ಮಾತು" ಎಂದೆ.

ಅವನ ಅಕ್ಕ ಬಂದಳು. ಆಟೋದಿಂದ ಇಳಿದು, ಸೆರಗಿನಿಂದ ಮೂಗು ಮುಚ್ಚಿ, ರಸ್ತೆಯಲ್ಲೇ ನಿಂತಳು. ಗಟಾರದ ಈಚೆ ಕಾಲಿಡಲಿಲ್ಲ.

"ಬಾರಕ್ಕಾ ಒಳಗ" ಎಂದ ಬ್ರೋಕರ್.

"ಹೋಗಲೇ, ನಾ ಬರಂಗಿಲ್ಲ. ಮನಿ ನಮ್ಮಪ್ಪನ ಆಣೆಗೂ ಬ್ಯಾಡ ನನಗ."

"ಯಾಕಕ್ಕಾ?"

"ಯಾಕಂತ ಕೇಳ್ತಾನ ನೋಡು! ಊರೆಲ್ಲಾ ಅಂತಾರ, ಆ ಮುದುಕ ತೊಲಿಗೆ ನೇಣು ಹಾಕ್ಕೊಂಡ, ಆಮ್ಯಾಲೆ ಒಂದು ಎಮ್ಮೆನೂ ಸತ್ತಿತು, ರಾತ್ರಿ ಕೋಣ್ಯಾಗ ಮಂಚ ಸಪ್ಪಳ ಮಾಡ್ತದ ಅಂತ. ನನ್ನ ಮಕ್ಕಳನ್ನ ಅಲ್ಲಿ ಮಲಗಿಸಲೇನು?"

ಬ್ರೋಕರ್ ತಲೆ ಕೆರೆದುಕೊಂಡ. ಅವನು ಹಬ್ಬಿಸಿದ್ದು ನಕ್ಷತ್ರದ ಮಾತು ಮಾತ್ರ. ಅದು ಬಾಯಿಂದ ಬಾಯಿಗೆ ಹೋಗುತ್ತಾ ಕೈಕಾಲು ಬೆಳೆಸಿಕೊಂಡು ಅವನ ಅಕ್ಕನ ಕಿವಿಗೇ ಬಂದು ಕುಳಿತಿತ್ತು.

ನಾನು ಬಾಗಿಲಲ್ಲೇ ನಿಂತು ಹೇಳಿದೆ. "ನಮ್ಮ ಮನಿಯವರು ಚಾ ಕುಡದು, ಕಪ್ಪು ಕೆಳಗಿಟ್ಟು, ಹೊರಳಿ ಮಲಗಿದವರು ಏಳಲಿಲ್ಲ. ಎಮ್ಮಿ ಮಾರಿದೆ, ಸಾಯಲಿಲ್ಲ. ಮಂಚ ಸಪ್ಪಳ ಮಾಡ್ತದ, ಖರೆ. ನಾ ಹೊರಳಿದಾಗ."

ಅವಳು ಕೇಳಿಸಿಕೊಳ್ಳಲಿಲ್ಲ. ಆಟೋ ಹತ್ತಿ ಹೋದಳು. ಬ್ರೋಕರ್ ಗಟಾರದ ಪಕ್ಕ ನಿಂತು, "ಅಮ್ಮಾರೇ, ಒಂದು ಶಾಂತಿ ಮಾಡಿಸಿಬಿಡ್ರಿ, ಎಲ್ಲಾ ಸರಿಹೋಗ್ತದ. ನಮ್ಮ ಪೈಕಿ ಸ್ವಾಮಿಗಳು ಒಬ್ಬರು ಅದಾರ" ಎಂದ. ಅದರಲ್ಲೂ ಅವನಿಗೆ ಒಂದು ಪಾಲು ಇದ್ದೇ ಇರುತ್ತದೆ. "ನಡಿಯಲೇ ಇಲ್ಲಿಂದ" ಎಂದೆ. ತುಳಸಿಕಟ್ಟೆಯ ಬುಡ ತೊಳೆದೆ. ಗುಟ್ಕಾದ ಕಲೆ ಹೋಗಲಿಲ್ಲ.

ಆ ಸಂಜೆ ನಾನೇ ಬಣ್ಣದ ಡಬ್ಬಿ ತೆಗೆದೆ. ಮೂರನೇ ಕ್ಲಾಸು ಓದಿದ ಅಕ್ಷರ, ವಕ್ರವಾಗಿಯೇ ಬಂತು, ಆದರೆ ದೊಡ್ಡದಾಗಿ ಬಂತು. "ಮನೆ ಮಾರಾಟಕ್ಕಿದೆ. ಮಾಲೀಕರು ಒಳಗೇ ಇದ್ದಾರೆ. ಬ್ರೋಕರ್ ಬರಬಾರದು." ಮಗಳ ನಂಬರು ಹಾಕಲಿಲ್ಲ. ಬೇಕಾದವರು ಬಾಗಿಲು ಬಡಿಯಲಿ.

ಬಡಿದವರು ಎಮ್ಮಿಗನೂರಿನವರೇ. ಹೆಂಡತಿ ಬಾಗಿಲಲ್ಲಿ ನಿಂತು ಗೋಡೆಯ ಕಡೆ ಬೆರಳು ಮಾಡಿದಳು.

"ಮಾರಾಟ ಆಗ್ಯಾದ ಅಂದ್ರಲ್ರಮ್ಮಾ?"

"ಯಾರಂದ್ರು?"

"ಆ ಬ್ರೋಕರ್. ಬೋರ್ಡ್ ಅಳಿಸಿದ್ದು ನೋಡಿ, ಎದುರುಮನಿಯಾಕಿ ಹತ್ರ ಅವನ ನಂಬರ್ ಇಸ್ಕೊಂಡು ಫೋನ್ ಮಾಡಿದ್ವಿ. ಯಾರೋ ಮೈನ್ಸ್‌ನೋರು ತಗೊಂಡ್ರು ಅಂದ."

ಸೋರುತ್ತದೆ ಎಂದು ಹೇಳಿದರೂ ಬೇಕು ಎಂದವರನ್ನು ಓಡಿಸಿ, ಬಾಳೆ ಹೊರುವವನಿಗೆ ಪ್ಯಾಂಟು ಹಾಕಿ ತಂದಿದ್ದ ಆ ಮನುಷ್ಯ. ಒಳಗೆ ಕರೆದು ಕೂಡಿಸಿದೆ. ಈ ಸಲ ಅತ್ತೆಯೂ ಬಂದಿದ್ದಳು. ನನ್ನ ವಾರಿಗೆಯವಳು, ಕುಳ್ಳಗೆ, ಹಣೆಯ ಮೇಲೆ ಹಚ್ಚೆ. ಅವಳು ಗೋಡೆ ತಟ್ಟಲಿಲ್ಲ, ದಿಕ್ಕು ನೋಡಲಿಲ್ಲ. ನೇರವಾಗಿ ಕೇಳಿದಳು.

"ಅಕ್ಕಾ, ನಕ್ಷತ್ರದ ಮಾತು ಖರೆ ಏನು?"

"ಖರೆ."

"ಮನಿ ಬಿಟ್ಟಿದ್ದೇನು?"

"ಬಿಡಲಿಲ್ಲ."

"ಯಾಕ?"

"ಎಮ್ಮಿ ಇತ್ತು."

ಅವಳು ತಲೆಯಾಡಿಸಿದಳು. ಎಮ್ಮೆ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಪಟ್ಟು ಬಿಡಲಿಲ್ಲ. "ಮನಿ ನಮಗ ಬೇಕು. ರೇಟಿಗೂ ನಾ ಜಗಳ ಮಾಡಂಗಿಲ್ಲ. ಆದ್ರ ಆವಾಗ ಬಿಡದೇ ಇದ್ದದ್ದು ಈಗ ಬಿಡಬೇಕು ನೋಡು. ಮೂರು ತಿಂಗಳು ಬೀಗ ಹಾಕಿ ಮುಳ್ಳು ಬಡೀಬೇಕು. ಆಮ್ಯಾಲೆ ನೋಂದಣಿ."

ಮೂರು ತಿಂಗಳೆಂದರೆ ಯುಗಾದಿ ದಾಟಿ ಎಲ್ಲೋ ಹೋಗುತ್ತದೆ. ಸಂಡೂರಿನ ಮನೆ ಬೇರೆಯವರ ಪಾಲು. ಸೊಸೆ ಅತ್ತೆಯ ಮೊಣಕೈ ಹಿಂಡಿದಳು. ಟ್ರ್ಯಾಕ್ಟರಿನ ಮಗ, "ಯವ್ವಾ, ಈಗಿನ ಕಾಲದಾಗ..." ಎಂದು ಶುರು ಮಾಡಿದ. "ನೀ ಸುಮ್ಕಿರು. ಮನ್ಯಾಗ ಮಲಗೋದು ನಾನು, ನೀನು ಕಬ್ಬಿನ ಗದ್ದಿಯಾಗ ಇರ್ತೀ" ಎಂದಳು ಅವಳು.

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಮಲಗೆದ್ದ ಕೋಣೆಗೆ ಈಗ ಮುಳ್ಳು! ಗಂಡ ಸತ್ತಾಗ ಅಯ್ಯನವರ ಮಾತಿಗೆ ಬಗ್ಗದವಳು, ಓಣಿಯವರ ಪಿಸುಮಾತಿಗೆ ಬಗ್ಗದವಳು, ಈಗ ಮನೆ ಕೊಳ್ಳಲು ಬಂದವಳ ಮಾತಿಗೆ ಬಗ್ಗಬೇಕೇ? ಎದ್ದು ಹೋಗಿ ನೀರು ಕುಡಿದು ಬಂದೆ. ಮಗಳ ಕ್ಯಾಂಟೀನಿನ ಕೆಲಸ ಹೋಗುವುದಕ್ಕೆ ಇನ್ನು ಎಷ್ಟು ದಿನ ಎಂಬುದು ನೆನಪಾಯಿತು. ಸಿಟ್ಟಿನಿಂದ ಖಾನಾವಳಿಯ ಒಲೆ ಉರಿಯುವುದಿಲ್ಲ.

"ನೋಡು ತಂಗಿ," ಎಂದೆ ಆ ಹಚ್ಚೆಯವಳಿಗೆ. "ನೋಂದಣಿ ಈಗ ಮಾಡಿಸ್ಕೋ. ದುಡ್ಡು ಈಗ ಕೊಡು. ಅವತ್ತೇ ನಾನು ಹೊರಗ. ಬೀಗ ನೀನೇ ಹಾಕು, ಮುಳ್ಳು ನೀನೇ ಬಡಿ. ಮೂರು ತಿಂಗಳಲ್ಲ, ಮೂರು ವರ್ಷ ಬೇಕಾದ್ರ ಮುಚ್ಚಿಡು. ಆ ಮೂರು ತಿಂಗಳು ನೀವು ಕಟ್ಟೋ ಬಾಡಿಗಿ ಎಷ್ಟೋ ಅಷ್ಟು ಮನಿ ರೇಟಿನಾಗ ಮುರಕೋ."

ಅವಳು ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡುತ್ತಾ ನಗುತ್ತಿದ್ದಳು. "ಶಾಂತಿ ಖರ್ಚು?" ಎಂದಳು ಅತ್ತೆ.

"ಅದು ನಿಂದು. ನಕ್ಷತ್ರ ಬೇಕು ಅಂದೋಳು ನೀನು."

ಆಯಿತು ಎಂದಳು. ಎಲೆ ಅಡಿಕೆ ಇಟ್ಟು ಕೈ ಹಿಡಿದಳು. ಮಗಳಿಗೆ ಫೋನ್ ಮಾಡಿ ಹೇಳಿದರೆ ಅವಳು ಖುಷಿಪಡುವ ಬದಲು ಹಾರಾಡಿದಳು. "ಅಪ್ಪ ಸತ್ತಾಗ ಎಲ್ಲರೂ ಹೇಳಿದ್ರು, ಆವಾಗ ಬಿಡಲಿಲ್ಲ. ಈಗ ಯಾರೋ ಹೇಳಿದ್ರು ಅಂತ ಬಿಡ್ತೀಯಾ? ಮಂದಿ ಏನಂತಾರ?"

"ಮಂದಿ ಮನಿ ತಗೊಂಡ್ರೇನು? ನೀ ಬಸ್ಸಿಗೆ ಕುಂದ್ರು, ನೋಂದಣಿಗೆ ಬಾ" ಎಂದೆ.

ನೋಂದಣಿಯ ದಿನ ಪತ್ರ ಬರೆಯುವವನ ಮೇಜಿನ ಪಕ್ಕ ಯಾರು ನಿಂತಿದ್ದರೆಂದು ಬೇರೆ ಹೇಳಬೇಕೇ? ಅತ್ತರಿನ ವಾಸನೆ ಮೊದಲು ಬಂತು, ಆಮೇಲೆ ಬಿಳಿ ಅಂಗಿ.

"ಅಮ್ಮಾರೇ, ಪಾರ್ಟಿ ನನ್ನ ಕಡೆಯವರು. ಮದ್ಲ ಫೋನ್ ಮಾಡಿದ್ದು ನನಗ. ಎರಡೂ ಕಡೆ ನನ್ನ ಕಮಿಷನ್ ಕೊಡ್ರಿ, ನಾ ಹೋಗ್ತೀನಿ."

"ಮಾರಾಟ ಆಗ್ಯಾದ ಅಂತ ಹೇಳಿ ಓಡಿಸಿದಿಯಲ್ಲ, ಅದಕ್ಕೂ ಕಮಿಷನ್ ಐತೇನು?" ಎಂದಳು ಎಮ್ಮಿಗನೂರಿನ ಅತ್ತೆ. ಸುತ್ತ ಇದ್ದವರೆಲ್ಲ ಇತ್ತ ತಿರುಗಿದರು. ಅವಳಿಗೆ ಅಷ್ಟೇ ಬೇಕಿತ್ತು. ಅವನ ಅಪ್ಪನಿಂದ ಶುರು ಮಾಡಿ, ಎತ್ತಿನ ಸಂತೆಯಿಂದ ಹಿಡಿದು, ಅವನ ಅತ್ತರಿನವರೆಗೂ ಒಂದೂ ಬಿಡದೆ ಬೈದಳು. ಅವನು ನಗುತ್ತಲೇ ನಿಂತಿದ್ದ. ಕಡೆಗೆ ಪತ್ರ ಬರೆಯುವವನೇ, "ಏನಾದ್ರೂ ಕೊಟ್ಟು ಕಳಿಸ್ರಿ, ಇವ ಇಲ್ಲೇ ನಿಂತ್ರ ನನಗೂ ಕೆಲಸ ಆಗಂಗಿಲ್ಲ" ಎಂದ. ಟ್ರ್ಯಾಕ್ಟರಿನ ಮಗ ಜೇಬಿನಿಂದ ಒಂದು ನೋಟು ತೆಗೆದು ಚಾಚಿದ. ಬ್ರೋಕರ್ ಅದನ್ನು ತೆಗೆದುಕೊಂಡು, ದೇವರ ಪ್ರಸಾದ ಸಿಕ್ಕವನ ಹಾಗೆ ಎರಡೂ ಕಣ್ಣಿಗೆ ಒತ್ತಿಕೊಂಡ.

"ಅಮ್ಮಾರೇ, ಸಂಡೂರಾಗ ಏನಾದ್ರೂ ಬೇಕಾದ್ರ ಹೇಳ್ರಿ. ಅಲ್ಲೂ ನಮ್ಮ ಹುಡುಗರು ಅದಾರ" ಎಂದು ಹೇಳಿ ಹೋದ.

ಇಷ್ಟು ಹೇಸಿಗೆಯ ಮನುಷ್ಯನಿಗೆ ಸಿಟ್ಟು ಕೂಡ ಬರದಿದ್ದದ್ದು ನನಗೆ ಎಲ್ಲಕ್ಕಿಂತ ಹೇಸಿಗೆಯಾಯಿತು.

ಸಂಜೆ ಸಾಮಾನು ಟೆಂಪೋಗೆ ಏರಿಸಿದೆವು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಹಳದಿ ಬಟ್ಟೆಯಲ್ಲಿ ಸುತ್ತಿ ಬೀಗ ತಂದಿದ್ದಳು. ಮಗ ಎಲ್ಲಿಂದಲೋ ಜಾಲಿಕಂಟಿ ಕಡಿದು ತಂದಿದ್ದ. ಬೀಗ ಹಾಕಿದ್ದಾಯಿತು. ಮುಳ್ಳು ಬಡಿಯಬೇಕು, ಆದರೆ ಚೌಕಟ್ಟು ತೇಗದ್ದು, ಅವಳ ಕೈಯಲ್ಲಿ ಮೊಳೆ ಇಳಿಯಲಿಲ್ಲ, ಬಗ್ಗಿತು. ಇನ್ನೊಂದು ಮೊಳೆಯೂ ಬಗ್ಗಿತು. ಮಗನಿಗೆ ಕೊಡೆಂದರೆ ಕೊಡಳು, ಗಂಡಸರು ಬಡಿಯಬಾರದಂತೆ. ಎದುರುಮನೆಯವಳು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

"ಕೊಡಿಲ್ಲಿ" ಎಂದು ನಾನು ಸುತ್ತಿಗೆ ಕಸಿದುಕೊಂಡೆ. ಆ ಚೌಕಟ್ಟಿನಲ್ಲಿ ಎಲ್ಲಿ ಗಂಟಿದೆ, ಎಲ್ಲಿ ಮೆತ್ತಗಿದೆ ಎಂದು ನನಗೆ ಗೊತ್ತು, ಹಬ್ಬಹಬ್ಬಕ್ಕೂ ತೋರಣ ಕಟ್ಟಲು ಮೊಳೆ ಹೊಡೆದವಳು ನಾನೇ. ಎರಡೂ ಕಡೆ ಬಡಿದು ಮುಳ್ಳು ಬಿಗಿದೆ. ಮಗಳು ಟೆಂಪೋದಲ್ಲಿ ಮುಖ ಆ ಕಡೆ ತಿರುಗಿಸಿ ಕುಳಿತಿದ್ದಳು. ಸುಣ್ಣ ಬಳಿದು ಬಳಿದು ಬೆಳ್ಳಗೆ ಇಟ್ಟುಕೊಂಡಿದ್ದ ಮನೆ ಪೀಡೆ ಹಿಡಿದ ಮನೆಯ ಹಾಗೆ ಕಂಡಿತು. ಅಂಗೈಗೆ ಮುಳ್ಳು ಚುಚ್ಚಿತ್ತು. ಕಿತ್ತು ಎಸೆದು ಟೆಂಪೋ ಹತ್ತಿದೆ.

ಸಂಡೂರಿನ ಮನೆಯ ನೋಂದಣಿ ಯುಗಾದಿಗೆ ಮೊದಲೇ ಆಯಿತು. ಅಲ್ಲಿ ಬ್ರೋಕರ್ ಇರಲಿಲ್ಲ. ಮಾಲೀಕನೇ ನೇರವಾಗಿ ಮಾರಿದ್ದು. ಕೀಲಿ ಕೊಡುವಾಗ ಮಗಳ ತಲೆಯ ಮೇಲೆ ಕೈಯಿಟ್ಟು, "ಇದ್ದದ್ದು ಇದ್ದಂಗ ಬಿಟ್ಟೀನವ್ವಾ, ನಿನ್ನ ಕೈಯಾಗ ಬೆಳೀಲಿ" ಎಂದು ಹರಸಿದ. ಬಾಗಿಲು ತೆಗೆದು ನೋಡಿದರೆ ಫ್ಯಾನಿರಲಿಲ್ಲ, ಬಲ್ಬುಗಳಿರಲಿಲ್ಲ. ಬಚ್ಚಲಿನ ಬಾಗಿಲ ಚಿಲಕ ಬಿಚ್ಚಿಕೊಂಡು ಹೋಗಿದ್ದ. ಅಡಿಗೆಮನೆಯ ನಲ್ಲಿ ಕಿತ್ತು, ಪೈಪಿನ ಬಾಯಿಗೆ ಕಾಗದ ತುರುಕಿದ್ದ. ಕಾಗದ ನೆನೆದು ನೀರು ನೆಲದ ಮೇಲೆ ಹರಿದು, ಅದಿರಿನ ಕೆಂಪು ಧೂಳೆಲ್ಲ ರಾಡಿಯಾಗಿತ್ತು. ವಿಭೂತಿ ಹಚ್ಚಿಕೊಂಡು ಮೆಲ್ಲಗೆ ಮಾತಾಡಿದ ಆ ಮನುಷ್ಯ ಒಂದು ನಲ್ಲಿಗೂ ಆಸೆಪಟ್ಟಿದ್ದ.

ಮಗಳು ಆ ರಾಡಿಯಲ್ಲಿ ನಿಂತು, "ಯವ್ವಾ, ಇವನಿಗೆ ಫೋನ್ ಮಾಡ್ಲೇನು?" ಎಂದಳು.

"ನಲ್ಲಿ ಬಿಚ್ಚಿಕೊಂಡು ಹೋದವ ಫೋನ್ ಎತ್ತುತಾನೇನು? ನಡಿ, ಬಕೀಟು ತಾ."

ಹಳೆಯ ಸೀರೆ ಹರಿದು ಪೈಪಿನ ಬಾಯಿಗೆ ಬಿಗಿದೆ. ನೀರು ನಿಂತಿತು. ರಾಡಿ ಬಳಿದು ರಸ್ತೆಗೆ ಚೆಲ್ಲಿದೆವು, ಚೆಲ್ಲಿದಷ್ಟೂ ಕೆಂಪಗೇ ಬರುತ್ತಿತ್ತು. ಹೊರಗೆ ಗಣಿಯ ಲಾರಿಯವನೊಬ್ಬ ತಲೆ ಹಾಕಿ, "ಊಟ ಐತೇನ್ರಿ?" ಎಂದ. ಬೋರ್ಡೂ ಇಲ್ಲ, ಒಲೆಯೂ ಇಲ್ಲ, ಒಳಗೆ ಹೆಂಗಸರು ನೆಲ ತೊಳೆಯುತ್ತಿದ್ದಾರೆ, ಅವನಿಗೆ ಊಟ ಬೇಕು.

ಮಗಳು ನನ್ನ ಮುಖ ನೋಡಿದಳು.

"ನಾಳಿಗೆ ಬಾರಪ್ಪಾ. ರೊಟ್ಟಿ, ಪಲ್ಯ, ಅನ್ನ, ಸಾರು. ಮದ್ಲ ರೇಟ್ ಕೇಳಿ ಕುಂದ್ರು, ಉಂಡ ಮ್ಯಾಲೆ ಕಿರಿಕಿರಿ ಮಾಡ್ಬ್ಯಾಡ" ಎಂದೆ.

ಅವನು ಹೋದ ಮೇಲೆ ಮಗಳು ಗ್ಯಾಸ್ ಒಲೆಯನ್ನು ಯಾವ ಗೋಡೆಗೆ ಇಡುವುದೆಂದು ಮೊಣಕೈಯಿಂದ ಅಳೆಯತೊಡಗಿದಳು. ನಾನು ಬಚ್ಚಲಿನ ನಲ್ಲಿಯಿಂದ ಇನ್ನೊಂದು ಬಕೀಟು ನೀರು ತುಂಬಿದೆ.